ಲಟ್ಟಣಿಗಿ, ಬ್ಯಾಟರಿ ಮತ್ತ ಬೆಳಕಿನ ಕತ್ತಿ

ಸೂಟಿಗೆ ಮಗಳ ಮಗ ಬಂದಾಗಿಂದ ನನ್ನ ಲಟ್ಟಣಿಗಿ ಜಾಗಾದಾಗ ಇರವಲ್ತು. ಚಪಾತಿ ಹಿಟ್ಟು ನಾದಿಟ್ಟು ಹುಡುಕಿದ್ರ ಅದು ಹಿತ್ತಲದಾಗ ಕರಿಬೇವಿನ ಗಿಡದ ಕೂಡ ಯುದ್ಧಕ್ಕ ನಿಂತಿರ್ತದ. ಬಾಯಿಲೆ "ಜೂಂ... ಜೂಂ..." ಅಂತ ಸಪ್ಪಳ ಬ್ಯಾರೆ. "ಏನೋ ಇದು?" ಅಂದ್ರ, "ಅಜ್ಜಿ, ಇದು ಲಟ್ಟಣಿಗಿ ಅಲ್ಲ, ಲೈಟ್‌ಸೇಬರ್" ಅಂದ. ಒಂಬತ್ತು ವರ್ಷದ ಹುಡುಗನ ಕೂಡ ಏನ ವಾದ ಮಾಡ್ತೀರಿ? ಮಧ್ಯಾಹ್ನ ಊಟ ಆದ ಮ್ಯಾಲೆ ನನ್ನೂ, ಅವರಜ್ಜನ್ನೂ ಟಿವಿ ಮುಂದ ಕೂಡಿಸಿಬಿಟ್ಟ.

ಸಿನಿಮಾದ ಹೆಸರು ಸ್ಟಾರ್ ವಾರ್ಸ್. 1977ರದ್ದು, ಜಾರ್ಜ್ ಲೂಕಾಸ್ ಅನ್ನಾಂವ ತಗದದ್ದು. ಕಥಿ ನನಗ ಅರ್ಧಾ ತಿಳೀತು, ಅರ್ಧಾ ಬಿಡ್ತು. ಆದ್ರ ಒಂದು ಜಾಗಾದಾಗ ನಾನೂ ಕೈಯಾಗಿನ ಶೇಂಗಾ ಸುಲಿಯೋದು ಬಿಟ್ಟು ನೋಡಿದೆ. ಲ್ಯೂಕ್ ಅಂತ ಒಬ್ಬ ಹುಡುಗ, ಅಪ್ಪನ್ನ ನೋಡೇ ಇಲ್ಲ. ಒಬ್ಬ ಮುದುಕ ಪೆಟಗಿ ತಗದು, ಇದು ನಿಮ್ಮಪ್ಪಂದು ಅಂತ ಒಂದು ಹಿಡಿಕಿ ಕೊಡ್ತಾನ. ಗುಂಡಿ ಒತ್ತಿದ ಕೂಡ್ಲೆ ನೀಲಿ ಬೆಳಕಿನ ಅಲಗು ಹೊರಗ ಬರ್ತದ. (ಬ್ಯಾಟರಿ ಬೆಳಕು ಗ್ವಾಡಿ ತನಕಾ ಹೋಗ್ತದ, ಇದು ಮಾರುದ್ದಕ್ಕ ಹ್ಯಾಂಗ ನಿಂತೀತು ಅಂತ ಕೇಳಿದೆ. "ಅಜ್ಜಿ, ಸುಮ್ನ ನೋಡು" ಅಂದ.)

ಸಿನಿಮಾ ಮುಗದ ಮ್ಯಾಲೆ ಈ ಕತ್ತಿ ಹ್ಯಾಂಗ ಮಾಡಿದ್ರು ಅನ್ನೋದನ್ನ ಮೊಬೈಲಿನಾಗ ತೋರಿಸಿದ. ಅದು ನನಗ ಸಿನಿಮಾಕ್ಕಿಂತ ಛೊಲೋ ಅನಿಸ್ತು. ನಾ ಏನೋ ದೊಡ್ಡ ಯಂತ್ರ ಇರಬೇಕು ಅಂದ್ಕೊಂಡಿದ್ದೆ. ಯಂತ್ರಾನೂ ಇಲ್ಲ, ಏನೂ ಇಲ್ಲ. ರೋಜರ್ ಕ್ರಿಶ್ಚಿಯನ್ ಅಂತ, ಸೆಟ್ಟಿಗೆ ಸಾಮಾನು ಹೊಂದಸಾಂವ. ಕೈಯಾಗ ರೊಕ್ಕ ಕಡಿಮಿ. ಲಂಡನ್ನಿನಾಗ ಒಂದು ಕ್ಯಾಮೆರಾ ಅಂಗಡಿಯೊಳಗ ಹಳೇ ಫ್ಲ್ಯಾಶಿನ ಹಿಡಿಕಿ ಸಿಕ್ಕಾವ. ಗ್ರಾಫ್ಲೆಕ್ಸ್ ಅಂತ ಅಮೆರಿಕಾದ ಮಾಲು. ಹಿಂದಕ ಪೇಪರಿನ ಫೋಟೋದವ್ರು ಹಿಡಕೊಂಡು ಅಡ್ಡಾಡ್ತಿದ್ರಲ್ಲ, ಅಂಥಾವು. ಉದ್ದಕ ಪಳಪಳ ಹೊಳಿಯೋ ಕೊಳವಿ, ಒಳಗ ಮೂರು ಸೆಲ್ಲು ಹಾಕೋದು. ಅದಕ್ಕ ಕರೀ ಪಟ್ಟಿ ಅಂಟಿಸಿ, ಕ್ಯಾಲ್ಕುಲೇಟರಿನಾಗಿಂದ ಒಂದು ಗುಳ್ಳಿ ಗುಳ್ಳಿ ಪಟ್ಟಿ ಕಿತ್ತು ಹಚ್ಚಿ, ನಡಕ್ಕ ಸಿಗಸಾಕ ಬುಡಕ್ಕೊಂದು ಕಡೀ ಹಾಕ್ಯಾನ. ಆತು ಕತ್ತಿ.

ಅಲಗಂದ್ರ ಕೋಲು. ಗಾಡಿ ಹಿಂದ ಹಚ್ಚೋ ರೇಡಿಯಂ ಪಟ್ಟಿ ಇರ್ತದಲ್ಲ, ಅಂಥಾದ್ದು ಸುತ್ತಿದ್ದು. ಅದರ ಮ್ಯಾಲೆ ಬೆಳಕು ಬಿಟ್ಟು ತಗದಾರ. ಅದೂ ಸಾಲದ್ದಕ್ಕ ಒಂದೊಂದು ಚಿತ್ರಕ್ಕೂ ಆ ಬೆಳಕನ್ನ ಕೈಲೆ ಬರದಾರಂತ. ಸೆಕೆಂಡಿಗೆ 24 ಚಿತ್ರ. ಹತ್ತು ಸೆಕೆಂಡು ಹೊಡದಾಡಿದ್ರ 240 ಸಲ ಬರೀಬೇಕು. ಎಳಿ ಎಣಿಸಿ ಕಸೂತಿ ಹಾಕೋ ನಮ್ಮ ಓಣಿಯ ಹೆಣಮಕ್ಕಳಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನ ಆ "ಜೂಂ" ಸಪ್ಪಳ. ಬೆನ್ ಬರ್ಟ್ ಅನ್ನೋ ಸಪ್ಪಳ ಕೂಡಿಸಾಂವ ಹಳೇ ಸಿನಿಮಾ ಮಷೀನಿನ ಮೋಟರ್ ಗುಂಯ್ಗುಡೋದನ್ನ ತಗೊಂಡ. ವೈರು ಕೆಟ್ಟ ಮೈಕೊಂದು ಟಿವಿ ಹತ್ರ ಹೋದಾಗ ಕರಕರ ಅಂತು, ಅದನ್ನೂ ಅದಕ್ಕ ಕೂಡಿಸಿದ. ಆಮ್ಯಾಲೆ ಆ ಸಪ್ಪಳಾನ ಸ್ಪೀಕರಿನಾಗ ಹಚ್ಚಿ, ಅದರ ಮುಂದ ಮೈಕು ಬೀಸ್ಯಾಡಿದ. ಕತ್ತಿ ಬೀಸಿದಂಗ ಕೇಳಿಸ್ತು. ನಾವಾಗಿದ್ರ ವೈರು ಕೆಟ್ಟದ ಅಂತ ಆ ಮೈಕು ಒಗದ ಬಿಡ್ತಿದ್ವಿ.

ಒಗಿಯೋ ಮಾತು ಬಂತು ನೋಡ್ರಿ. ಮೊಬೈಲಿನಾಗ ಆ ಫ್ಲ್ಯಾಶಿನ ಹಿಡಿಕಿ ತೋರಿಸಿದಾಗ ನಮ್ಮನಿಯವ್ರು ಚಷ್ಮಾ ಹಾಕ್ಕೊಂಡು ಹತ್ರ ಬಂದು ನೋಡಿದ್ರು. "ಅಪ್ಪನ ಕಡೆ ಹಿಂಥಾದ್ದ ಒಂದಿತ್ತು" ಅಂದ್ರು. ಅಷ್ಟ.

ನನ್ನ ಎದಿ ಧಸಕ್ ಅಂತು. ನಮ್ಮ ಮಾವನವ್ರದು ಹುಬ್ಬಳ್ಳಿಯೊಳಗ ಫೋಟೋ ಸ್ಟುಡಿಯೋ ಇತ್ತು. ಅವರು ತೀರಿಕೊಂಡು ಎರಡು ವರ್ಷಕ್ಕ, ದೀಪಾವಳಿ ಮುಂದ ಮನಿಗೆ ಸುಣ್ಣ ಹಚ್ಚಿಸೋವಾಗ, ಅಟ್ಟದ ಮ್ಯಾಲಿನ ಪೆಟಗಿ ಪೂರಾ ನಾನ ಗುಜರಿಯವಂಗ ಹಾಕಿದ್ದೆ. ತೂಕದ ಮ್ಯಾಲೆ ಕೊಟ್ಟೆ. ಬಂದ ರೊಕ್ಕದಾಗ ಒಂದು ಸ್ಟೀಲ್ ಡಬ್ಬಿ ತಗೊಂಡೆ, ಅದರಾಗ ಇವತ್ತಿಗೂ ರವಾ ಅದ. ಹನ್ನೊಂದು ವರ್ಷ ಆತು. ಇವರು ಒಂದಿನಾ ಒಂದು ಮಾತು ಆಡಿದವರಲ್ಲ. ನಾನೂ ಅದು ಬರೀ ಜಂಗು ಹಿಡದ ಸಾಮಾನು ಅಂತ ಮರತೇಬಿಟ್ಟಿದ್ದೆ.

ಅವತ್ತು ರಾತ್ರಿ ತಾವಾಗಿ ಹೇಳಿದ್ರು. ಆ ಸಿನಿಮಾ ಬಂದ ವರ್ಷ ಇವರಿಗೆ ಹದಿಮೂರು. ಮದುವಿ ಮನಿಗೆ ಅಪ್ಪನ ಹಿಂದ ಹೋಗಿ ಫ್ಲ್ಯಾಶ್ ಎತ್ತಿ ಹಿಡಿಯೋದು ಇವರ ಕೆಲಸ. ಒಂದು ಬಲ್ಬು ಒಂದ ಸಲಕ್ಕ ಸುಟ್ಟು ಹೋಗ್ತಿತ್ತಂತ. ಬಿಸಿ ಬಲ್ಬು ತಗಿಯೋದ್ರಾಗ ಬಟ್ಟು ಸುಡ್ತಿತ್ತು, ಆದ್ರೂ ಬ್ಯಾರೆಯವ್ರಿಗೆ ಬಿಟ್ಟುಕೊಡ್ತಿರಲಿಲ್ಲಂತ. ಇಷ್ಟು ವರ್ಷದ ಸಂಸಾರದಾಗ ಈ ಮಾತು ನಾ ಕೇಳಿದ್ದು ಇದ ಮೊದಲು. "ನಂದು ತಪ್ಪಾತ್ರಿ, ಕೇಳಿ ಹಾಕಬೇಕಿತ್ತು" ಅಂದೆ. "ನಾನೂ ಬ್ಯಾಡ ಅನ್ನಲಿಲ್ಲಲ್ಲ" ಅಂದು ಮಗ್ಗಲಾದ್ರು. ನಿದ್ದಿ ಇಬ್ಬರಿಗೂ ಹತ್ತಲಿಲ್ಲ.

ಮರುದಿನ ಎರಡನೇ ಸಿನಿಮಾ, 1980ರದ್ದು. ಕರೀ ಮುಖವಾಡದ ವೇಡರ್ ಕೆಂಪು ಕತ್ತಿ ಬೀಸಿ ಲ್ಯೂಕನ ಕೈ ಕತ್ತರಿಸಿಬಿಡ್ತಾನ. ಕತ್ತೀನೂ ಕೈ ಜೋಡಿ ಕೆಳಗ ಬಿದ್ದು ಹೋಗ್ತದ. ಆಮ್ಯಾಲೆ ನೋಡಿದ್ರ ಅವನ ಅಪ್ಪ! ನಾ ಮುಖಾ ತಿರುಗಿಸಿ ಕೂತೆ. ಇಂಥಾದ್ದನ್ನ ಹುಡುಗರಿಗೆ ಯಾಕ ತೋರಸ್ತಾರೋ. "ಅಯ್ಯೋ, ಅಪ್ಪನ ಕತ್ತೀನೂ ಹೋತಲ್ಲ" ಅಂದ್ರು ನಮ್ಮನಿಯವ್ರು, ನನ್ನ ಕಡೆ ನೋಡಲಾರದ. ಮೊಮ್ಮಗ ಅಂದ: "ಅಜ್ಜಾ, ಮುಂದಿನ ಸಿನಿಮಾದಾಗ ಅಂವ ತಾನ ಹೊಸಾದು ಮಾಡಿಕೊಳ್ತಾನ. ಹಸರಂದು." ಅದು 1983ರ ಸಿನಿಮಾ. ಬಯಲಾಗ ನೀಲಿ ಆಕಾಶದ ಮುಂದ ನೀಲಿ ಅಲಗು ಕಾಣಸೂದಿಲ್ಲ ಅಂತ ಹಸರು ಮಾಡಿದ್ರಂತ.

ಸಂಜೀಕ ಅಜ್ಜ ಮೊಮ್ಮಗ ಕೂಡಿ ನನ್ನ ಅಡಗಿಮನಿ ಹೊಕ್ರು. ಮೂರು ಸೆಲ್ಲಿನ ಸ್ಟೀಲ್ ಬ್ಯಾಟರಿ ಹೋತು. ಕುಕ್ಕರಿನ ಹಳೇ ರಬ್ಬರ್ ಕತ್ತರಿಸಿ ಪಟ್ಟಿ ಅಂಟಿಸಿದ್ರು. ನಾನೂ ಸುಮ್ನ ಕೂಡ್ಲಿಲ್ಲ, ಹರದ ಪರ್ಸಿನ ಕಡೀ ಬಿಚ್ಚಿ ಕೊಟ್ಟೆ. ಬುಡಕ್ಕ ಅದನ್ನ ಕೂಡಿಸೋವಾಗ ಇವರ ಕೈ ಭಾಳ ಹಗೂರ ಆಡ್ತಿತ್ತು. ಎರಡು ತಾಸು ಹಿಡೀತು.

ರಾತ್ರಿ ಎಂಟಕ್ಕ ಕರೆಂಟ್ ಹೋತು. ಕತ್ತಲದಾಗ ತಡಕ್ಯಾಡಿ "ಬ್ಯಾಟರಿ ಎಲ್ಲದಪಾ?" ಅಂತ ಕೂಗಿದೆ. ಪಡಸಾಲಿಯೊಳಗ "ಜೂಂ" ಅಂತು. ನೋಡ್ತೀನಿ, ಮೊಮ್ಮಗ ಮಲಕ್ಕೊಂಡಾನ. ಹಿಡಕೊಂಡು ನಿಂತಾಂವ ಅವರಜ್ಜ.