ಹೊಡೆದುಹಾಕಿದ ಹೆಸರು

ಮಳೆ ಹಿಡಿಯುವ ಮುನ್ನ, ಕಳೆದ ವಾರ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹದಿನೆಂಟು ವರ್ಷಗಳಿಂದ ಆಕೆಯದು ವಿಪತ್ತು ನಿರ್ವಹಣೆಯ ಕೆಲಸ. ಅದೂ ಕೊಡಗಿನ ಹಾಡಿಗಳಲ್ಲಿ, ಕಾಫಿ ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಯರವ, ಜೇನುಕುರುಬರ ನಡುವೆ. "ಅಂದರೆ ದೋಣಿ, ಹಗ್ಗ ಹಿಡಿದು ಓಡುವುದೇನಮ್ಮ?" ಎಂದೆ. ಆಕೆ ನಕ್ಕು, "ಹೆಚ್ಚಿನ ಪಾಲು ಹೆಸರು ಬರೆಯುವ ಕೆಲಸ ಸಾರ್" ಎಂದಳು.

ಆ ಮಾತು ನನಗೆ ಒಡನೆ ಅರ್ಥವಾಗಲಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳ ಕಡೆ ಗುಡ್ಡಗಳು ಜರಿದದ್ದನ್ನೂ, ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ಮನೆಗಳು ಮುಳುಗಿದ್ದನ್ನೂ ನಾವೆಲ್ಲ ಬಲ್ಲೆವು. ಮನೆ ಕಳೆದುಕೊಂಡವನು ಪರಿಹಾರಕ್ಕೆ ಹೋದರೆ ಮೊದಲು ಕೇಳುವುದು ಕಾಗದ. ಲೈನ್ ಮನೆಯಾದರೋ ತೋಟದ ಮಾಲೀಕರದು. ಒಳಗಿರುವವನ ಹೆಸರಿನಲ್ಲಿ ಹಕ್ಕುಪತ್ರವಿಲ್ಲ, ಎಷ್ಟೋ ಸಲ ಪಡಿತರ ಚೀಟಿಯೂ ಇಲ್ಲ. ಇಂದು ಈ ತೋಟ, ನಾಳೆ ಇನ್ನೊಂದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಮು ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಭೇದ ಕೂಡದೆನ್ನುತ್ತದೆ. "ಜಾತಿ ಯಾರೂ ಕೇಳುವುದಿಲ್ಲ ಸಾರ್, ಕಾಗದ ಕೇಳುತ್ತಾರೆ" ಎಂದಳು.

ಆದ್ದರಿಂದ ಆಕೆ ಮಳೆಗೆ ಮೊದಲೇ ಹಾಡಿಯಿಂದ ಹಾಡಿಗೆ ನಡೆಯುತ್ತಾಳೆ. ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾರಿಗೆ ಕಣ್ಣು ಕಾಣದು, ಎಲ್ಲಿ ಮೊಬೈಲ್ ಸಿಗ್ನಲ್ ಸಿಗದು, ನೀರು ಏರಿದರೆ ಯಾರು ಓಡಿಹೋಗಿ ಕೂಗಬೇಕು, ಎಲ್ಲವೂ ನೋಟ್‌ಬುಕ್ಕಿನಲ್ಲಿ. ಎಚ್ಚರಿಕೆಯನ್ನು ಹಾಡಿಯ ಹುಡುಗರೇ ತಮ್ಮ ಮಾತಿನಲ್ಲಿ ಹೇಳಬೇಕು. ಜೀಪಿನ ಮೈಕು ಕೂಗಿದರೆ, ಒಕ್ಕಲೆಬ್ಬಿಸಲು ಬಂದರೆಂದು ಜನ ಕಾಡಿನ ಕಡೆ ಸರಿಯುತ್ತಾರಂತೆ. ನಾಗರಹೊಳೆಯಿಂದ ಎತ್ತಂಗಡಿಯಾದವರ ನೆನಪು ಹಸಿಯಾಗಿರುವಾಗ ಅದರಲ್ಲಿ ಆಶ್ಚರ್ಯವೇನು?

ಇಷ್ಟು ಹೇಳಿ ಕಾಫಿ ಲೋಟ ಕೆಳಗಿಟ್ಟು, "ಸಾರ್, ಎಂಟನೆಯ ತರಗತಿಯಲ್ಲಿ ನಮ್ಮೊಡನಿದ್ದ ಯರವರ ಹುಡುಗ ನೆನಪಿದ್ದಾನೆಯೇ?" ಎಂದಳು.

ನೆನಪಿದ್ದಾನೆ. 1987ರ ಮಳೆಗಾಲದಲ್ಲಿ ಅವನು ಹಲವು ವಾರ ಬರಲಿಲ್ಲ. ನಿಯಮದಂತೆ ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಬಿಸಿಲು ಬಂದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ. "ನಿನ್ನ ಹೆಸರು ಪುಸ್ತಕದಲ್ಲಿಲ್ಲವಲ್ಲೋ, ಅಪ್ಪನನ್ನು ಕರೆದುಕೊಂಡು ಬಾ" ಎಂದೆ. ಹೋದವನು ಮತ್ತೆ ಬರಲಿಲ್ಲ. ಹೊಳೆಯ ನೀರು ಅವರ ಲೈನಿಗೆ ನುಗ್ಗಿ, ಸಂಸಾರವೇ ಬೇರೆ ತೋಟಕ್ಕೆ ಹೋಗಿತ್ತೆಂದು ನನಗೆ ತಿಳಿದದ್ದು ಮರುವರ್ಷ. ಮತ್ತೆ ಸೇರಿಸಿಕೊಳ್ಳಲು ಒಂದು ಅರ್ಜಿ ಸಾಕಿತ್ತು. ಅದನ್ನು ನಾನೇ ಬರೆದುಕೊಡಬಹುದಿತ್ತು. ಬಿ.ಎಡ್.ನಲ್ಲಿ ಮನಶ್ಶಾಸ್ತ್ರಕ್ಕೆ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು!

"ಎಲ್ಲಾದರೂ ಸಿಕ್ಕನೇ?" ಎಂದು ಕೇಳಿದೆ.

"ಪ್ರತಿ ಹಾಡಿಯಲ್ಲೂ ವಿಚಾರಿಸುತ್ತೇನೆ ಸಾರ್. ಇನ್ನೂ ಇಲ್ಲ."

ಹೊರಡುವಾಗ ಎರಡು ನೋಟ್‌ಬುಕ್ಕುಗಳನ್ನು ಮೇಜಿನ ಮೇಲಿಟ್ಟಳು. ಹೋದ ವರ್ಷ ಮಳೆಯಲ್ಲಿ ನೆನೆದು ಶಾಯಿ ಹರಡಿದ ಪಟ್ಟಿಗಳು. ನನ್ನ ಅಕ್ಷರ ದುಂಡಗಿದೆಯೆಂದು, ಪ್ರತಿ ಮಾಡಿಕೊಡಬೇಕಂತೆ. ಒಂದು ಮುಗಿದಿದೆ. ಆ ತರಗತಿಯಲ್ಲಿದ್ದ ನಿಮ್ಮಲ್ಲಿ ಯಾರಿಗಾದರೂ ಅವನ ಸುಳಿವಿದ್ದರೆ, ದಯವಿಟ್ಟು ನನಗೆ ತಿಳಿಸಿ.