ಬಿಲ್ಲೆ ಅಣುಗಳ ತವರು

ಬೆಂಗಳೂರಿನ ಮೇಖ್ರಿ ವೃತ್ತದ ಬಳಿ, ವಾಹನಗಳ ಗದ್ದಲಕ್ಕೆ ಬೆನ್ನು ಮಾಡಿ ನಿಂತಂತೆ ಒಂದು ಹಸಿರು ಆವರಣವಿದೆ. ಅದೇ ರಾಮನ್ ಸಂಶೋಧನಾ ಸಂಸ್ಥೆ. 1934ರಲ್ಲಿ ಮೈಸೂರು ಸರ್ಕಾರ ಭಾರತೀಯ ವಿಜ್ಞಾನ ಅಕಾಡೆಮಿಗೆ ನೀಡಿದ ಜಾಗದಲ್ಲಿ ಸರ್ ಸಿ.ವಿ. ರಾಮನ್ 1948ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. 1970ರ ನವೆಂಬರಿನಲ್ಲಿ ತೀರಿಕೊಂಡ ಅವರ ಅಂತ್ಯಸಂಸ್ಕಾರ ನಡೆದದ್ದೂ ಇದೇ ತೋಟದಲ್ಲಿ. ಅಲ್ಲಿ ಅವರ ನೆನಪಿಗೆ ಇರುವುದು ಒಂದು ಮರ.

ರಾಮನ್ ಹೆಸರು ಕೇಳದ ವಿದ್ಯಾರ್ಥಿ ಇರಲಾರ. ಆದರೆ ಇದೇ ಆವರಣದಲ್ಲಿ 1977ರಲ್ಲಿ ನಡೆದ ಇನ್ನೊಂದು ಶೋಧವನ್ನು ಬೆಂಗಳೂರಿಗರೇ ಹೆಚ್ಚಾಗಿ ಅರಿಯರು. ವಿದ್ಯುತ್ತನ್ನು ಹರಿಯಗೊಡುವ ಮೆದು ವಸ್ತುಗಳ ಒಂದು ದೊಡ್ಡ ಕುಟುಂಬಕ್ಕೆ ಇದು ತವರುಮನೆ.

ಆ ಕಥೆಯ ನಾಯಕರು ಪ್ರೊ. ಎಸ್. ಚಂದ್ರಶೇಖರ್. ರಾಮನ್ ಅವರ ಸೋದರಿಯ ಮಗ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದ ಅವರು, ಅಲ್ಲಿಯೇ ದ್ರವ ಸ್ಫಟಿಕಗಳ ಅಧ್ಯಯನಕ್ಕೆ ತೊಡಗಿದರು. 1971ರಲ್ಲಿ ರಾಮನ್ ಸಂಸ್ಥೆಗೆ ಬಂದು ಅದಕ್ಕಾಗಿಯೇ ಪ್ರಯೋಗಾಲಯ ಕಟ್ಟಿದರು.

ದ್ರವ ಸ್ಫಟಿಕವೆಂದರೇನು? ನೀರಿನಂತೆ ಹರಿಯಬಲ್ಲದು, ಆದರೆ ಹರಳಿನಂತೆ ಒಳಗೊಂದು ಶಿಸ್ತೂ ಇರುತ್ತದೆ. ಕೈಗಡಿಯಾರ, ಕ್ಯಾಲ್ಕುಲೇಟರ್‌ಗಳ ಅಂಕಿಗಳನ್ನು ಮೂಡಿಸಿದ್ದು ಇಂಥ ವಸ್ತುವೇ. 1888ರಲ್ಲಿ ಇದನ್ನು ಮೊದಲು ಗಮನಿಸಿದವರು ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಜರ್. ಅಲ್ಲಿಂದ ಮುಂದೆ ಬಹುಕಾಲ, ಬೆಂಕಿಕಡ್ಡಿಯಂತೆ ಉದ್ದನೆಯ ಅಣುಗಳು ಮಾತ್ರ ಹೀಗೆ ವರ್ತಿಸುತ್ತವೆ ಎಂಬುದೇ ರೂಢಿಯ ತಿಳಿವಳಿಕೆಯಾಗಿತ್ತು.

ಕಡ್ಡಿಯೇ ಏಕೆ, ಬಿಲ್ಲೆ ಏಕಾಗಬಾರದು? ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಈ ಮೂವರು ಬೆಂಜೀನ್ ಉಂಗುರದ ಸುತ್ತ ಆರು ಉದ್ದನೆಯ ಬಾಲಗಳಿದ್ದ ಅಣುಗಳನ್ನು ಪರೀಕ್ಷೆಗೆ ಆರಿಸಿಕೊಂಡರು. ಕಾಯಿಸಿದಾಗ ಅದು ಕೆಲವೇ ಡಿಗ್ರಿಗಳ ಅಂತರದಲ್ಲಿ ಹರಳೂ ಅಲ್ಲದ, ಸಾದಾ ದ್ರವವೂ ಅಲ್ಲದ ಸ್ಥಿತಿಗೆ ಬಂತು. ಎಕ್ಸ್ ಕಿರಣ ಒಳಗಿನ ಚಿತ್ರ ಕೊಟ್ಟಿತು: ಅಣುಗಳು ನಾಣ್ಯಗಳಂತೆ ಒಂದರ ಮೇಲೊಂದು ಕೂತು ಕಂಬಗಳಾಗಿದ್ದವು. ಶೋಧ ಪ್ರಕಟವಾದದ್ದು ಭಾರತದ್ದೇ ಆದ ‘ಪ್ರಮಾಣ’ ಪತ್ರಿಕೆಯಲ್ಲಿ. ಜಗತ್ತಿನ ಪ್ರಯೋಗಾಲಯಗಳು ಅದನ್ನು ಹುಡುಕಿಕೊಂಡು ಓದಿದವು.

ಈ ಕಂಬಗಳಲ್ಲಿ ವಿದ್ಯುತ್ತು ಹರಿಯುವ ಬಗೆ ಸ್ವಾರಸ್ಯಕರ. ಮುಂದೆ ಬಂದ ಟ್ರೈಫಿನೈಲಿನ್‌ನಂಥ ಅಣುಗಳಲ್ಲಿ ನಡುಭಾಗ ಹಲವು ಉಂಗುರಗಳ ಚಪ್ಪಟೆ ತಟ್ಟೆ. ಅದರ ಮೇಲೂ ಕೆಳಗೂ ಎಲೆಕ್ಟ್ರಾನ್‌ಗಳ ಮೋಡ. ತಟ್ಟೆಯಿಂದ ತಟ್ಟೆಗೆ ಸುಮಾರು 0.35 ನ್ಯಾನೊಮೀಟರ್ ಅಂತರವಷ್ಟೇ ಇರುವುದರಿಂದ ಮೋಡಗಳು ಒಂದನ್ನೊಂದು ತಾಕುತ್ತವೆ. ವಿದ್ಯುದಾವೇಶ ಮೆಟ್ಟಿಲು ಹತ್ತಿದಂತೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಸುತ್ತಲಿನ ಬಾಲಗಳು ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಂತೆ ಪಕ್ಕದ ಕಂಬಕ್ಕೆ ದಾಟದಂತೆ ತಡೆಯುತ್ತವೆ. ಕಂಬದುದ್ದಕ್ಕೆ ಹರಿವು ಅಡ್ಡಡ್ಡಕ್ಕಿಂತ ಸಾವಿರ ಪಟ್ಟು ಸಲೀಸೆಂದು ಇಂಗ್ಲೆಂಡಿನ ಲೀಡ್ಸ್‌ನ ಸಂಶೋಧಕರು 1980ರ ದಶಕದಲ್ಲೇ ತೋರಿಸಿದರು.

ವೇಗದ ಲೆಕ್ಕ ಹೀಗೆ. ಸೆಂಟಿಮೀಟರಿಗೆ ಒಂದು ವೋಲ್ಟ್‌ನಂತೆ ಒತ್ತಡ ಕೊಟ್ಟಾಗ ಆವೇಶ ಸೆಕೆಂಡಿಗೆ ಎಷ್ಟು ದೂರ ಸಾಗುತ್ತದೆ? 1994ರಲ್ಲಿ ಜರ್ಮನಿಯ ತಂಡವೊಂದು ಟ್ರೈಫಿನೈಲಿನ್ ಬಿಲ್ಲೆಗಳಲ್ಲಿ ಅಳೆದ ವೇಗ ಸುಮಾರು 0.1 ಸೆಂಟಿಮೀಟರ್. ಸಿಲಿಕಾನ್ ಹರಳಿನಲ್ಲಿ ಎಲೆಕ್ಟ್ರಾನ್ ಸುಮಾರು 1,400 ಸೆಂಟಿಮೀಟರ್ ಸಾಗುತ್ತದೆ. ಅದರ ಮುಂದೆ ಇದು ಆಮೆಯ ನಡಿಗೆಯೇ ಸರಿ. ಆದರೆ ಸಿಲಿಕಾನ್ ಹರಳಿಗೆ ಸಾವಿರ ಡಿಗ್ರಿ ದಾಟಿದ ಕುಲುಮೆ ಬೇಕು. ಬಿಲ್ಲೆಗಳೋ ದ್ರಾವಣದಲ್ಲಿ ಕರಗಿ, ಬಣ್ಣದಂತೆ ಬಳಿಸಿಕೊಂಡು, ತಾವೇ ಸಾಲು ಹಿಡಿಯುತ್ತವೆ. ಸಾಲಿನಲ್ಲಿ ಸಣ್ಣ ಊನವಾದರೆ ತಾವೇ ಸರಿಪಡಿಸಿಕೊಳ್ಳಲೂಬಲ್ಲವು. 2001ರಲ್ಲಿ ಬಿಲ್ಲೆ ಅಣುಗಳಿಂದ ಸೌರಕೋಶವೊಂದನ್ನು ಮಾಡಿ ತೋರಿಸಿದ್ದೂ ಆಯಿತು.

ಹಾಗಿದ್ದರೆ ತೊಡಕೆಲ್ಲಿ? ಕಂಬಗಳ ದಿಕ್ಕಿನಲ್ಲಿ. ಸೌರಕೋಶಕ್ಕೆ ಕಂಬಗಳು ನೆಟ್ಟಗೆ ನಿಲ್ಲಬೇಕು. ಟ್ರಾನ್ಸಿಸ್ಟರಿಗೆ ನೆಲಕ್ಕೊರಗಿ ಒಂದೇ ದಿಕ್ಕಿಗೆ ಮಲಗಬೇಕು. ಹಾದಿ ಒಂದೇ ಆದ್ದರಿಂದ ನಡುವೆ ಒಂದು ಬಿಲ್ಲೆ ಜಾರಿದರೂ ಆವೇಶ ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಂಗಡಿಗೆ ಮೊದಲು ಬಂದ ಬಿಲ್ಲೆ ಅಣುಗಳ ಕೆಲಸವೂ ಬೇರೆಯದೇ: 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ತಯಾರಿಸಿದ, ಎಲ್‌ಸಿಡಿ ಪರದೆಯನ್ನು ಓರೆಯಿಂದಲೂ ಸ್ಪಷ್ಟವಾಗಿ ತೋರಿಸುವ ತೆಳುಹಾಳೆ ಅದು. ವಿದ್ಯುತ್ ಹರಿಸುವ ಕೆಲಸದ ಮುಖ್ಯ ಭಾಗ ಇನ್ನೂ ಪ್ರಯೋಗಾಲಯದಲ್ಲೇ ಉಳಿದಿದೆ.

ಚಂದ್ರಶೇಖರ್ ನಿವೃತ್ತಿಯ ನಂತರವೂ ಸುಮ್ಮನೆ ಕೂರಲಿಲ್ಲ. 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ತೆರೆದರು. ಇಂದು ಅದು ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ನಗರದ ಹೊರಗಿನ ಶಿವನಪುರದಲ್ಲಿದೆ. 2004ರಲ್ಲಿ ಅವರು ನಿಧನರಾದರು.

‘ಬೇಸಿಕ್ ಸೈನ್ಸ್ ಓದಿ ಏನು ಮಾಡ್ತೀಯ?’ ಎಂದು ಕೇಳುವ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಮೇಖ್ರಿ ವೃತ್ತದ ಕಡೆ ಹೋದಾಗ ಈ ಗೇಟನ್ನೊಮ್ಮೆ ತೋರಿಸಬಹುದು. ಒಳಗೆ ಮೂವರು ಕೇಳಿದ್ದು ಒಂದು ಸರಳ ಪ್ರಶ್ನೆ. ಉತ್ತರದ ಅರ್ಧ ಅವರಿಗೇ ಸಿಕ್ಕಿತು. ಉಳಿದರ್ಧ, ಕಂಬಗಳನ್ನು ಬೇಕಾದ ಕಡೆ ನಿಲ್ಲಿಸುವ ವಿದ್ಯೆ, ಇಂದು ಶಾಲೆಯ ಬೆಂಚಿನ ಮೇಲೆ ಕೂತ ಯಾರಿಗಾದರೂ ಒಲಿಯಲೆಂದು ಕಾದಿದೆ.