ಮೈಕಾಲಕ್ಕೆ ಬರುವವರಿಗೆ ಉಮ್ಮ ಬರೆಸಿದ ಪಟ್ಟಿ

ಹೊಸೂರಿನ ನನ್ನ ಮೇಷ್ಟ್ರು ಗೆಳೆಯರೊಬ್ಬರು ಕಳೆದ ವರ್ಷ ಫೋನು ಮಾಡಿದ್ದರು. ಅವರೂ ನನ್ನ ಹಾಗೆ ಗಡಿಯಾಚೆ ಕನ್ನಡ ಕಲಿಸುವವರು. ಅವರದು ತಮಿಳುನಾಡಿನ ಗಡಿ, ನನ್ನದು ಮಂಜೇಶ್ವರ. "ನಮ್ಮಮ್ಮ ಇದುವರೆಗೂ ಸಮುದ್ರ ನೋಡಿಲ್ಲ ಸಾರ್. ಮೇ ರಜೆಯಲ್ಲಿ ಎರಡು ದಿನ ಮಂಗಳೂರಿಗೆ ಬರೋಣ ಅಂತಿದೀವಿ. ಎಲ್ಲಿ ಇಳೀಬೇಕು, ಏನು ನೋಡಬೇಕು, ಸ್ವಲ್ಪ ಬರೆದು ಕಳಿಸಿ" ಎಂದರು.

"ಮೇ ಮಾತ್ರ ಬೇಡ ಮಾರಾಯ್ರೆ" ಎಂದೆ. ನಮ್ಮ ಕಡೆಯ ಬಿಸಿಲು ಥರ್ಮಾಮೀಟರಿನಲ್ಲಿ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಗಾಳಿಯಲ್ಲಿ ನೀರು ತುಂಬಿರುತ್ತದೆ, ಬೆವರು ಆರುವುದೇ ಇಲ್ಲ. ಹೊಸೂರಿನ ತಂಪಿಗೆ ಒಗ್ಗಿದವರು ಅರ್ಧ ದಿನಕ್ಕೆ ಸೋತು ಹೋಗುತ್ತಾರೆ. ಜೂನ್ ಬಂದರೆ ಮಳೆ, ಸೆಪ್ಟೆಂಬರ್‌ವರೆಗೆ ಬಿಡುವಿಲ್ಲ. ಆಗ ಸಮುದ್ರಕ್ಕೆ ಇಳಿಯುವ ಹಾಗೂ ಇಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಮೀನಿಗೂ ಬರ. ಹಾಗಾಗಿ ಡಿಸೆಂಬರ್ ಎಂದು ತೀರ್ಮಾನವಾಯಿತು.

ಆ ರಾತ್ರಿಯೇ ಕುಳಿತು ಪಟ್ಟಿ ಬರೆದೆ. ಮಂಗಳೂರಿಗೆ ಹೊಸಬರು ಮೊದಲು ಎಡವುವುದು ರೈಲಿನಲ್ಲಿ. ಇಲ್ಲಿ ಎರಡು ಸ್ಟೇಷನ್. ಸೆಂಟ್ರಲ್ ಇರುವುದು ಪೇಟೆಯ ಒಳಗೆ, ಹಂಪನಕಟ್ಟೆಯ ಹತ್ತಿರ. ಜಂಕ್ಷನ್ ಇರುವುದು ಪಡೀಲಿನ ಕಡೆ. ಹಳಬರು ಈಗಲೂ ಕಂಕನಾಡಿ ಸ್ಟೇಷನ್ ಎನ್ನುತ್ತಾರೆ. ಮುಂಬಯಿ, ಗೋವಾ ಕಡೆಯಿಂದ ಕೇರಳಕ್ಕೆ ಹೋಗುವ ಗಾಡಿಗಳು ಹೆಚ್ಚಿನವು ಜಂಕ್ಷನ್ನಿನಲ್ಲಿ ನಿಂತು ಮುಂದೆ ಹೋಗುತ್ತವೆ. ಬೆಂಗಳೂರಿನಿಂದ ಘಟ್ಟ ಇಳಿದು ಬರುವ ಹಗಲು ರೈಲೂ ಅಲ್ಲಿಗೇ. ಟಿಕೆಟ್ ನೋಡಿಕೊಳ್ಳದಿದ್ದರೆ ಆಟೋಗೆ ದಂಡ. ಬಸ್ಸೂ ಹಾಗೆಯೇ: ಸರಕಾರಿ ಬಸ್ ನಿಲ್ದಾಣ ಬಿಜೈಯಲ್ಲಿ, ಸಿಟಿ ಬಸ್ಸುಗಳು ಸ್ಟೇಟ್ ಬ್ಯಾಂಕಿನಲ್ಲಿ. ಸ್ಟೇಟ್ ಬ್ಯಾಂಕ್ ಎಂದರೆ ಬ್ಯಾಂಕಿಗೆ ಹೋಗಲು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ, ಅದು ಬಸ್ ಸ್ಟಾಂಡಿನ ಹೆಸರು.

ನೋಡುವುದಕ್ಕೆ ಕದ್ರಿ ದೇವಸ್ಥಾನದ ಸಾವಿರ ವರ್ಷದಷ್ಟು ಹಳೆಯ ಲೋಕೇಶ್ವರನ ಕಂಚಿನ ಮೂರ್ತಿ. ಇಟಲಿಯ ಮೊಸ್ಕೇನಿ ಗೋಡೆ, ಮಾಡಿನ ತುಂಬ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್. ಗುರುಪುರ ಹೊಳೆಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ. ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳು. ನೇತ್ರಾವತಿ ದಾಟಿದರೆ ಉಳ್ಳಾಲ ದರ್ಗಾ. ತಿನ್ನುವುದಕ್ಕೆ ನೀರುದೋಸೆ, ಬನ್ಸ್, ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಂ. ಒಂದು ಎಚ್ಚರಿಕೆಯನ್ನೂ ಹಾಕಿದೆ: ಇಲ್ಲಿ ಬೊಂಡ ಕೇಳಿದರೆ ಎಳನೀರು ಕೊಡುತ್ತಾರೆ.

ಬರೆದದ್ದನ್ನು ಉಮ್ಮನಿಗೆ ಓದಿ ಹೇಳಿದೆ. ಉಮ್ಮ ಕೈಯಲ್ಲಿದ್ದ ಅಡಕೆ ಕತ್ತರಿ ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ, "ಇದು ಯಾವ ಊರು ಮೋನೇ?" ಎಂದರು.

ನಾನು ನಕ್ಕೆ. ಉಮ್ಮ ನಗಲಿಲ್ಲ.

ನಾವು ಬ್ಯಾರಿಗಳು ಮಂಗಳೂರನ್ನು ಮೈಕಾಲ ಎನ್ನುತ್ತೇವೆ. ತುಳುವಿನಲ್ಲಿ ಅದು ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್. ಉಮ್ಮನಿಗೆ ಮೈಕಾಲ ಎಂದರೆ ಆಸ್ಪತ್ರೆ. ನಮ್ಮ ರಾಜಧಾನಿ ತಿರುವನಂತಪುರ ಐನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮಂಗಳೂರು ಇಪ್ಪತ್ತೇ ಕಿಲೋಮೀಟರ್. 1956ರವರೆಗೆ ನಮ್ಮ ಜಿಲ್ಲೆಯೂ ಅದೇ ಆಗಿತ್ತು. ಗಡಿ ಬಂದ ಮೇಲೂ ಹೆರಿಗೆಗೆ, ಮದುವೆ ಬಟ್ಟೆಗೆ, ಕಾಲೇಜಿಗೆ ನಾವು ಹೋಗುವುದು ಅಲ್ಲಿಗೇ. ಬಾಪನಿಗೆ ಕಿಡ್ನಿ ಹೋದ ಮೇಲೆ ಉಮ್ಮ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಅವರ ಜೊತೆ ಹೋಗುತ್ತಿದ್ದರು. ಬೆಳಗ್ಗೆ ಆರಕ್ಕೆ ಹೊರಟರೆ ಸಂಜೆ ಮನೆ.

2020ರ ಮಾರ್ಚ್ ಕೊನೆಯಲ್ಲಿ ಗಡಿಯ ರಸ್ತೆಗಳು ಮುಚ್ಚಿದವು. ಕೆಲವು ಕಡೆ ರಸ್ತೆಯ ಮೇಲೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಕಡೆಯ ರೋಗಿಗಳು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಬಾಪನಿಗೆ ಎರಡು ಸರದಿ ತಪ್ಪಿತು. ಮುಖ, ಕಾಲು ಊದಿಕೊಂಡು ಮಲಗಲಾಗದೆ ರಾತ್ರಿಯಿಡೀ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಯಾರ್ಯಾರನ್ನೋ ಹಿಡಿದು ಕೊನೆಗೆ ದಕ್ಷಿಣದ ಕಡೆ ಒಂದು ಆಸ್ಪತ್ರೆಯಲ್ಲಿ ಮಧ್ಯರಾತ್ರಿಯ ಸರದಿ ಸಿಕ್ಕಿತು. ಆ ಸಲ ಉಳಿದರು. ಮರುವರ್ಷ ತೀರಿಕೊಂಡರು. ಅಂದಿನಿಂದ ಉಮ್ಮ ತಲಪಾಡಿ ದಾಟಿರಲಿಲ್ಲ. ಮದುವೆಗೆ ಕರೆದರೂ ಏನಾದರೊಂದು ನೆವ ಹೇಳುತ್ತಿದ್ದರು.

ಸ್ವಲ್ಪ ಹೊತ್ತು ಸುಮ್ಮನಿದ್ದು ಉಮ್ಮ ಕೇಳಿದರು, "ಆ ಅಮ್ಮನಿಗೆ ಪ್ರಾಯ ಎಷ್ಟು? ಮೊಣಗಂಟು ನೋವು ಉಂಟಾ?"

"ಎಪ್ಪತ್ತರ ಹತ್ತಿರ. ನೋವು ಇರಬಹುದು."

"ಹಾಗಾದರೆ ಬರಿ" ಎಂದರು. ಅವರು ಹೇಳಿದರು, ನಾನು ಬರೆದೆ.

ಸಿಟಿ ಬಸ್ಸಿನ ಮೆಟ್ಟಿಲು ಎತ್ತರ. ನಾವು ಕೂರುವ ಮೊದಲೇ ಸೀಟಿ ಊದಿ ಬಿಡುತ್ತಾರೆ. ಪ್ರಾಯದವರನ್ನು ಆಟೋದಲ್ಲಿ ಕರೆದುಕೊಂಡು ಹೋಗಿ, ಮೀಟರ್ ಹಾಕಿಸಿ. ಮ್ಯಾಪಿನಲ್ಲಿ ಹತ್ತಿರ ಕಂಡದ್ದನ್ನು ನಂಬಬೇಡಿ, ಆ ಊರು ಪೂರ್ತಿ ಏರು, ಇಳಿಜಾರು. ಹಂಪನಕಟ್ಟೆಯಿಂದ ಜ್ಯೋತಿಗೆ ನಡೆದವರಿಗೇ ಗೊತ್ತು. ಹನ್ನೆರಡರಿಂದ ನಾಲ್ಕರವರೆಗೆ ರೂಮಿನಲ್ಲಿರಿ. ಕೊಡೆ ಬಿಸಿಲಿಗೂ ಬೇಕು. ಲಿಂಬೆ ಶರಬತ್ತಿಗೆ ಉಪ್ಪು ಹಾಕಿಸಿ. ಹತ್ತಿಯ ಸೀರೆ ಉಡಲಿ, ಇನ್ನೊಂದು ಚೀಲದಲ್ಲಿರಲಿ. ಹೆಂಗಸರು ಸಮುದ್ರಕ್ಕೆ ಹೊರಡುವ ಮೊದಲು ಟಾಯ್ಲೆಟ್ ಮುಗಿಸಿಕೊಳ್ಳಲಿ. ಬಂದರಿನ ಓಣಿಗೆ ಬೆಳಗ್ಗೆಯೇ ಹೋಗಿ, ಲಾರಿ ತುಂಬಿದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮಕ್ಕಳನ್ನು ಸೋಮೇಶ್ವರದಲ್ಲಿ ನೀರಿಗಿಳಿಸಬೇಡಿ, ಅಲ್ಲಿ ಬಂಡೆ; ಪಣಂಬೂರಿಗೆ ಹೋಗಿ, ಕಾಯುವವರಿದ್ದಾರೆ.

"ಪಣಂಬೂರು ನೀವು ನೋಡಿದ್ದೀರಾ?" ಎಂದೆ.

"ಇಲ್ಲ. ಆಸ್ಪತ್ರೆಯಲ್ಲಿ ಕೂತವರು ಹೇಳುತ್ತಿದ್ದರು" ಎಂದರು.

ಡಿಸೆಂಬರಿನಲ್ಲಿ ಅವರು ಬಂದರು. ಜಂಕ್ಷನ್ನಿನಿಂದ ಅವರನ್ನು ರೂಮಿಗೆ ಬಿಟ್ಟು ಬಂದೆ. ಮರುದಿನ ಮಧ್ಯಾಹ್ನ ಗೆಳೆಯನ ಕಾರು ತಂದು ಹೊರಡುವಾಗ ಉಮ್ಮ ಜಗಲಿಯಲ್ಲಿ ಬುರ್ಖಾ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಬಾಪನ ಫೈಲು ಇಡುತ್ತಿದ್ದ ಅದೇ ಬಟ್ಟೆಚೀಲ. ನಾನು ನೋಡಿದ್ದನ್ನು ನೋಡಿ, "ಪತ್ತಿರ್, ಒಂದು ಫ್ಲಾಸ್ಕು ಚಾ" ಎಂದರು. ತಲಪಾಡಿ ದಾಟುವಾಗ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನೂ ಏನೂ ಹೇಳಲಿಲ್ಲ.

ಪಣಂಬೂರಿನಲ್ಲಿ ಗೆಳೆಯರ ಮಗ ಬೊಂಡ ಕೇಳಿ ಎಳನೀರು ಬಂದಾಗ ಮುಖ ಚಿಕ್ಕದು ಮಾಡಿದ. ಅವನ ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಪ್ರತಿ ಅಲೆಗೂ "ಅಯ್ಯೋ ಶಿವನೇ" ಎನ್ನುತ್ತಿದ್ದರು. ಉಮ್ಮ ಅವರ ಕೈ ಹಿಡಿದುಕೊಂಡಿದ್ದರು. ಆಮೇಲೆ ಇಬ್ಬರೂ ಮರಳಲ್ಲಿ ಕೂತರು. ಉಮ್ಮನ ಕನ್ನಡ ಅರ್ಧಂಬರ್ಧ. ಆದರೂ ಬಾಪನ ಕಥೆ ಪೂರ್ತಿ ಹೇಳಿದರು. ಆ ಅಮ್ಮ, "ನಮಗೂ ಅಷ್ಟೇ ಕಣಮ್ಮ. ಕಾಯಿಲೆ ಬಿದ್ದರೆ ಬೆಂಗಳೂರೇ ಗತಿ. ಆಗ ಅತ್ತಿಬೆಲೆ ದಾಟೋಕೆ ನಮ್ಮ ಮನೇವ್ರೂ ಪಾಸು ಪಾಸು ಅಂತ ಅಲೆದಿದ್ದರು" ಎಂದರು.

ಹಿಂದೆ ಬರುವಾಗ ಉಮ್ಮ ಹೇಳಿದರು: "ಸಮುದ್ರ ನಮ್ಮ ಮನೆಯ ಹತ್ತಿರವೂ ಉಂಟು. ಆದರೆ ಮೈಕಾಲದಲ್ಲಿ ಸಮುದ್ರ ಉಂಟು ಅಂತ ನನಗೆ ನೆನಪೇ ಇರಲಿಲ್ಲ."

ಆ ಪಟ್ಟಿ ಈಗಲೂ ನನ್ನ ಫೋನಿನಲ್ಲಿದೆ, ಕೇಳಿದವರಿಗೆ ಕಳಿಸುತ್ತೇನೆ. ಉಮ್ಮ ಅದಕ್ಕೆ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದಾರೆ. ಅದು ಪ್ರವಾಸಕ್ಕೆ ಬರುವವರಿಗಲ್ಲ, ನಮ್ಮವರಿಗೆ: ಆಸ್ಪತ್ರೆಯ ಕೆಲಸ ಬೇಗ ಮುಗಿದ ದಿನ ನೇರ ಬಸ್ ಹತ್ತಬೇಡಿ. ರೋಗಿಗೆ ಆಗುವುದಾದರೆ ಒಂದು ಗಂಟೆ ಸಮುದ್ರದ ಕಡೆ ಹೋಗಿ ಕೂತು ಬನ್ನಿ.